ಬಾಣಂತಿ ಮಂಚದ ಕಾರು

ಹುಣಸೂರಿನ ಹಿಟ್ಟಿನ ಗಿರಣಿ ನೀಲಕಂಠಸ್ವಾಮಿಯವರು ಬೀಟೆ ಮರದ ಕಳ್ಳಸಾಗಣೆ ಮಾಡುತ್ತಾರೆಂದು ಊರಿಗೆ ತಿಳಿದದ್ದು ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ. ಸ್ವತಃ ಅವರಿಗೆ ತಿಳಿದದ್ದು ಹತ್ತೂವರೆಗೆ. ನಡುವಿನ ಆ ಅರ್ಧ ಗಂಟೆ ಅವರು ಬಲಗೈಯನ್ನು ಕಿಟಕಿಯ ಹೊರಗೆ ಇಳಿಬಿಟ್ಟುಕೊಂಡು, ತಮ್ಮದೇ ಕಾರಿನಲ್ಲಿ, ಕೋಟೆ ರಸ್ತೆಯ ಮೇಲೆ ಬಹಳ ಸುಖವಾಗಿದ್ದರು.

ಕಾರಿನ ಸಮಾಚಾರ ಮೊದಲು ಹೇಳಿಬಿಡಬೇಕು. ಅದು ನಲವತ್ತಾರನೇ ಇಸವಿಯಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಪೊನ್ನಂಪೇಟೆ ಕಡೆಯ ಒಬ್ಬ ಕಾಫಿ ತೋಟದವರ ಮನೆಯಲ್ಲಿ ಬಾಳಿ, ಕೊನೆಯ ಹದಿನೈದು ವರ್ಷ ಕೋಳಿಗಳು ಮೊಟ್ಟೆ ಇಡುವ ಜಾಗವಾಗಿ ಕಾಲ ಕಳೆದಿತ್ತು. ತೊಂಬತ್ತೆಂಟರಲ್ಲಿ ಸ್ವಾಮಿಯವರು ಗಿರಣಿಯ ಹಳೇ ಡೀಸೆಲ್ ಎಂಜಿನ್ ಅವರಿಗೆ ಕೊಟ್ಟು ಈ ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಬಂದರು. ಊರಿನಲ್ಲಿ ಎಲ್ಲರೂ ಹೊಸ ಸಣ್ಣ ಕಾರು ಕೊಳ್ಳುತ್ತಿದ್ದ ಕಾಲ. ಸ್ವಾಮಿಯವರಿಗೆ ಅಂಥದ್ದು ಕೊಳ್ಳುವ ಶಕ್ತಿ ಇರಲಿಲ್ಲ. ಆದ್ದರಿಂದ ಅಂಥ ಕಾರುಗಳನ್ನು ಕಂಡರೆ ಅವರಿಗೆ ಅಸಹ್ಯ ಬರುತ್ತಿತ್ತು.

ಕಾರನ್ನು ಓಡಿಸುವುದಕ್ಕೆ ಒಂದು ವಿಧಿ ಇತ್ತು. ಮೊದಲು ಮುಂಭಾಗದಲ್ಲಿ ಹ್ಯಾಂಡಲ್ ತೂರಿಸಿ ತಿರುಗಿಸಬೇಕು. ಹೆಬ್ಬೆರಳು ಬೇರೆ ಬೆರಳುಗಳ ಜೊತೆಯಲ್ಲೇ ಇರಬೇಕು, ಹ್ಯಾಂಡಲನ್ನು ಸುತ್ತಿ ಹಿಡಿದರೆ ಅದು ವಾಪಸ್ಸು ಒದ್ದು ಮಣಿಕಟ್ಟು ಮುರಿಯುತ್ತದೆ. ಗೇರು ಬದಲಾಯಿಸಲು ಕ್ಲಚ್ಚನ್ನು ಎರಡು ಸಲ ತುಳಿಯಬೇಕು. ತಿರುಗಬೇಕಾದರೆ ಬಾಗಿಲ ಪಕ್ಕದ ಸಂದಿನಿಂದ ಒಂದು ಕೆಂಪು ಕೈ ಹೊರಗೆ ಬರುತ್ತದೆ. ಬಂದದ್ದು ಒಳಗೆ ಹೋಗುವುದಿಲ್ಲ, ಇಳಿದು ಹೋಗಿ ಮಡಿಸಬೇಕು. ರೇಡಿಯೇಟರಿನಲ್ಲಿ ಸಣ್ಣ ತೂತಿತ್ತು. ಅರಿಶಿನದ ಪುಡಿ ಹಾಕಿದರೆ ತೂತು ಮುಚ್ಚುತ್ತದೆ ಎಂದು ಮೆಕ್ಯಾನಿಕ್ ಹೇಳಿದ್ದ. ಗಿರಣಿ ಇಟ್ಟುಕೊಂಡವನು ಅರಿಶಿನ ಯಾಕೆ ಹಾಕಬೇಕೆಂದು ಸ್ವಾಮಿಯವರು ಎರಡು ಹಿಡಿ ರಾಗಿ ಹಿಟ್ಟು ಹಾಕಿದರು. ಮೂರನೇ ಮೈಲಿಗೆ ಕಾರು ಕುದಿದು, ಬಸ್ಸಿಗೆ ಕಾಯುತ್ತಿದ್ದ ಮದುವೆ ದಿಬ್ಬಣದ ಮೇಲೆ ಬಿಸಿ ಬಿಸಿ ಅಂಬಲಿ ಎರಚಿತು.

ಇಷ್ಟರಲ್ಲೇ ನಿಂತಿದ್ದರೆ ಇದು ಕಥೆಯಾಗುತ್ತಿರಲಿಲ್ಲ. ಆ ಕಾಲದ ಕಾರುಗಳಿಗೆ ತಗಡಿನ ಒಳಗೆ ಮರದ ಚೌಕಟ್ಟು ಇರುತ್ತದೆ. ಈ ಕಾರಿನ ಚೌಕಟ್ಟನ್ನು ಗೆದ್ದಲು ತಿಂದು, ಗೆದ್ದಲಿಗೂ ಬೇಸರ ಬಂದು ಬಿಟ್ಟುಹೋಗಿತ್ತು. ಬಾಗಿಲು ತೆಗೆದರೆ ಬಾಗಿಲೇ ಕೈಗೆ ಬರುತ್ತಿತ್ತು. ಬಡಗಿ ನಂಜಾಚಾರಿ ಬಂದು ನೋಡಿ ತಲೆಯಾಡಿಸಿದ.

"ಹಸಿ ಮರ ಹಾಕುದ್ರೆ ಒಂದ್ ಮಳೆಗೇ ಸೊಟ್ಟಗಾಯ್ತದೆ ಬುದ್ಧಿ. ನೂರ್ ವರ್ಷ ಒಣಗಿರೋ ಮರ ಬೇಕು. ಈಗಿನ ಕಾಲದಲ್ಲಿ ಅಂಥದ್ದು ಎಲ್ಲಿ ಸಿಕ್ಕದು?"

ಅಂಥದ್ದು ಅವನ ಅಂಗಡಿಯಲ್ಲೇ ಇತ್ತು. ಸ್ವಾಮಿಯವರ ಹೆಂಡತಿ ಯಶೋದಮ್ಮನವರ ತವರಿನ ಮಂಚ, ಒಂದು ಕಾಲು ಅಲ್ಲಾಡುತ್ತದೆಂದು ರಿಪೇರಿಗೆ ಬಂದು ಗೋಡೆಗೆ ಒರಗಿಕೊಂಡಿತ್ತು. ಅದು ಸಾಮಾನ್ಯ ಮಂಚವಲ್ಲ. ಸರಗೂರಿನ ಆ ಮನೆತನದಲ್ಲಿ ಮೂರು ತಲೆಮಾರಿನ ಹೆಂಗಸರು ಬಾಣಂತನಕ್ಕೆ ಮಲಗಿದ ಹಲಸಿನ ಮಂಚ. ಒಂದೊಂದು ಹೆರಿಗೆಗೂ ಮಗುವಿಗೆ ದೃಷ್ಟಿಯಾಗದಿರಲೆಂದು ಅದರ ಪಕ್ಕದ ಹಲಗೆಗೆ ಒಂದೊಂದು ಕಬ್ಬಿಣದ ಮೊಳೆ ಹೊಡೆಯುತ್ತಿದ್ದರು. ಯಶೋದಮ್ಮನ ತಾಯಿ ಬಸವಮ್ಮ ಅದನ್ನು ಮಗಳಿಗೆ ಕಳಿಸಿಕೊಟ್ಟಿದ್ದರು, ಯಾಕೆಂದರೆ ಸ್ವಾಮಿಯವರ ಮಗಳು ರಮ್ಯಾ ಐದು ತಿಂಗಳ ಬಸುರಿ, ಶ್ರಾವಣಕ್ಕೆ ಹೆರಿಗೆಗೆ ಬರುವವಳಿದ್ದಳು.

"ಪಕ್ಕದ ಅಲಗೆ ಒಂದು ತಕ್ಕೊಂಡ್ರೆ ಗೊತ್ತಾಯ್ತದಾ ಆಚಾರ್ರೆ?" ಎಂದರು ಸ್ವಾಮಿಯವರು.

"ಒಂದ್ ತಕ್ಕೊಂಡ್ರೆ ಗೊತ್ತಾಯ್ತದೆ ಬುದ್ಧಿ. ಎಲ್ಡೂ ತಕ್ಕೊಂಡ್ರೆ ಸಮ ಆಯ್ತದೆ."

ಹಾಗೆ ಎರಡು ಹಲಗೆಗಳು ಬಾಗಿಲಿಗೆ ಹೋದವು. ಹಲಗೆ ಇಲ್ಲದ ಮೇಲೆ ಕಾಲುಗಳನ್ನು ಇಟ್ಟುಕೊಂಡು ಏನು ಮಾಡುವುದೆಂದು ಅವು ಚಾವಣಿಯ ಕಂಬಗಳಾದವು. ತಲೆದಿಂಬಿನ ಕಡೆಯ ಹಲಗೆ ಸೀಟಿನ ಕೆಳಗೆ ಸೇರಿತು. ವಾರ ಕಳೆಯುವುದರಲ್ಲಿ ನಂಜಾಚಾರಿಯ ಅಂಗಡಿಯಲ್ಲಿ ಮಂಚ ಇರಲಿಲ್ಲ, ಕಾರಿಗೆ ಮಾತ್ರ ಬಾಗಿಲು ಬಂದಿತ್ತು. ಅದು ಮುಚ್ಚಿದಾಗ ಬರುತ್ತಿದ್ದ ಗಟ್ಟಿ ಸದ್ದು ಕೇಳುವುದಕ್ಕಾಗಿಯೇ ಸ್ವಾಮಿಯವರು ದಿನಕ್ಕೆ ಇಪ್ಪತ್ತು ಸಲ ಬಾಗಿಲು ತೆಗೆದು ಮುಚ್ಚುತ್ತಿದ್ದರು.

ಯಶೋದಮ್ಮನವರು ದಿನಕ್ಕೆ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಮಂಚ ಎಲ್ಲಿ?"

"ಆಚಾರಿಗೆ ಕೆಲಸ ಜಾಸ್ತಿ ಕಣೇ. ಬರೋ ವಾರ ಕೊಡ್ತಾನಂತೆ."

"ಒಂದ್ ಕಾಲಿಗೆ ಎಲ್ಡ್ ತಿಂಗಳಾ?"

ಹೆಂಗಸಿಗೆ ಅನುಮಾನ ಬಂದಮೇಲೆ ಅದು ತಾನಾಗಿ ಬೆಳೆಯುತ್ತದೆ, ಆದರೆ ಯಶೋದಮ್ಮನವರ ಅನುಮಾನಕ್ಕೆ ಹೊರಗಿನಿಂದಲೂ ಗೊಬ್ಬರ ಬೀಳುತ್ತಿತ್ತು. ಪಕ್ಕದ ಮನೆಯ ಮಾಯಮ್ಮ ನಂಜಾಚಾರಿಯ ಅಂಗಡಿಗೇ ಹೋಗಿ ಇಣುಕಿ ನೋಡಿ ಬಂದಿದ್ದಳು.

"ಮಂಚ ಅಲ್ಲಿಲ್ಲ ಯಶೋದಮ್ಮ. ಕೇಳುದ್ರೆ ಆಚಾರಿ ತಲೆ ಬಗ್ಗುಸ್ಕೊಂಡು ಉಳಿ ಮಸೀತಾನೆ. ಮಂಚ ಏನ್ ಚೊಂಬಾ ಕಳ್ದೋಗಕೆ? ಯಾರ್ದೋ ಮನೆಗೆ ಓಗದೆ ಅಷ್ಟೆ. ಬ್ಯಾರೆ ಮನೆಗೆ ಮಂಚ ಕೊಟ್ಟ ಗಂಡಸು ಬರೀ ಮಂಚ ಕೊಟ್ಟು ಬತ್ತಾನಾ ನೀನೇ ಯೋಳು."

ಯಶೋದಮ್ಮ ಆ ದಿನದಿಂದ ಗಂಡನ ಅಂಗಿಯನ್ನು ಒಗೆಯುವ ಮುಂಚೆ ಒಂದು ಸಲ ಮೂಸಿ ನೋಡತೊಡಗಿದರು. ಬರೀ ರಾಗಿ ಹಿಟ್ಟು, ಪೆಟ್ರೋಲು. ಅದೂ ಅವರಿಗೆ ಅನುಮಾನಕ್ಕೆ ಕಾರಣವಾಯಿತು.

ಇನ್ನು ಬೀಟೆಯ ಮಾತು. ಭಾನುವಾರ ಸಾಯಂಕಾಲ ಸೋಮಯ್ಯನ ಟೀ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಸ್ವಾಮಿಯವರು ಟೀ ಕುಡಿಯುತ್ತಿದ್ದರು. ಸೋಮಯ್ಯ ಲೋಟ ತೊಳೆಯುತ್ತಾ, "ಏನೇ ಅನ್ನಿ ಸ್ವಾಮ್ಯೋರೆ, ಅಳೇ ಡಬ್ಬ ಅಳೇ ಡಬ್ಬಾನೇ" ಎಂದುಬಿಟ್ಟ. ನಾಲ್ಕು ಜನ ನಕ್ಕರು. ಸ್ವಾಮಿಯವರ ಮುಖ ಕೆಂಪಾಯಿತು. ಎದ್ದು ಹೋಗಿ ಕಾರಿನ ಬಾಗಿಲನ್ನು ತೆಗೆದು ಮುಚ್ಚಿ ಸದ್ದು ಕೇಳಿಸಿದರು.

"ಡಬ್ಬಾನಾ ಇದು? ಕೇಳ್ರಪ್ಪ ಸದ್ದ. ಒಳಗೆಲ್ಲಾ ಬೀಟೆ! ಅಪ್ಪಟ ಬೀಟೆ!"

ಹಲಸಿನ ಮಂಚ ಅನ್ನುವುದಕ್ಕೆ ಸಾಧ್ಯವಿತ್ತೇ? ಬಾಯಿಗೆ ಮೊದಲು ಬಂದದ್ದು ಬೀಟೆ. ಮೂಲೆಯ ಬೆಂಚಿನಲ್ಲಿ ಪೇಪರಿನ ಹಿಂದೆ ಕೂತಿದ್ದ ಒಬ್ಬರು ಪೇಪರನ್ನು ನಿಧಾನವಾಗಿ ಮಡಿಸಿದರು.

"ಬೀಟೆನಾ ಸ್ವಾಮ್ಯೋರೆ? ಎಷ್ಟ್ ಅಡಿ ಇದ್ದಾತು?"

"ಅತ್ತು ಅನ್ನೆರಡು ಅಡಿ ಇದ್ದೇ ಇರ್ತದೆ."

"ಅಳೇದಾ?"

"ಓದ್ ತಿಂಗ್ಳು ಆಕ್ಸಿದ್ದು! ಫ್ರೆಷ್ಷು!"

"ನಮ್ ಕಡೆ ಮರಾನೇ ಅನ್ನಿ."

"ಕಾಕನಕೋಟೆ ಕಡೇದು. ಅಂಥಾ ಮರ ಬ್ಯಾರೆ ಎಲ್ಲಿ ಸಿಕ್ಕದು?"

"ಬಾಳ ಸಂತೋಸ" ಎಂದು ಆತ ಎದ್ದು ಹೋದರು. ಸ್ವಾಮಿಯವರಿಗೂ ಬಹಳ ಸಂತೋಷವಾಯಿತು. ಆತ ಫಾರೆಸ್ಟರ್ ಕರಿಯಯ್ಯ ಎಂದು ಸೋಮಯ್ಯನಿಗೆ ಗೊತ್ತಿತ್ತು. ಆದರೆ ವ್ಯಾಪಾರದ ಹೊತ್ತಿನಲ್ಲಿ ಅವನು ಯಾರ ವಿಷಯಕ್ಕೂ ಹೋಗುವವನಲ್ಲ. ಮಾರನೇ ದಿನ ಬೆಳಿಗ್ಗೆ ಹತ್ತಕ್ಕೆ ವ್ಯಾಪಾರ ಕಡಿಮೆಯಾದ ಮೇಲೆ ಎಲ್ಲರಿಗೂ ಹೇಳಿದ.

ಸೋಮವಾರ ಗಿರಣಿಗೆ ಕರೆಂಟಿರಲಿಲ್ಲ. ಗದ್ದಿಗೆ ಊರಿನವರೆಗೆ ಒಂದು ಸುತ್ತು ಹೋಗಿಬರೋಣವೆಂದು ಸ್ವಾಮಿಯವರು ಹೊರಟರು. ಹೊಸಕಟ್ಟೆ ಚೆಕ್‌ಪೋಸ್ಟಿನಲ್ಲಿ ಗೇಟು ಹಾಕಿತ್ತು. ಗೇಟಿನ ಹಿಂದೆ ಕರಿಯಯ್ಯ ಖಾಕಿ ತೊಟ್ಟು, ಇಬ್ಬರು ಗಾರ್ಡುಗಳ ನಡುವೆ ನಿಂತಿದ್ದರು. ನಿನ್ನೆ ಅಷ್ಟು ಗೌರವದಿಂದ ವಿಚಾರಿಸಿದ ಮನುಷ್ಯ ಎಂದು ಸ್ವಾಮಿಯವರು ನಗುತ್ತಾ ಕೈ ಎತ್ತಿದರು.

"ಡಿಕ್ಕಿ ತೆಗೀರಿ."

ಡಿಕ್ಕಿಯಲ್ಲಿ ಎರಡು ನೀರಿನ ಕ್ಯಾನು, ಒಂದು ಗೋಣಿಚೀಲ, ಕಾರಿನ ಹ್ಯಾಂಡಲ್. ಕರಿಯಯ್ಯ ಹ್ಯಾಂಡಲನ್ನು ಎರಡು ಬೆರಳಲ್ಲಿ ಎತ್ತಿ, "ಇದ್ಯಾರಿಗೆ ಒಡಿಯಾಕೆ ಮಡ್ಗಿದ್ದೀರಿ?" ಎಂದರು.

"ಅದು ಕಾರು ಸ್ಟಾರ್ಟ್ ಮಾಡೋದು."

"ಕಾರು ಕೀಲಿ ಕೈಲಿ ಸ್ಟಾರ್ಟ್ ಆಯ್ತದೆ. ಮರ ಎಲ್ಲಿ?"

"ಯಾವ್ ಮರ?"

"ನೀವೇ ಯೋಳುದ್ರಲ್ಲಾ, ಅನ್ನೆರಡ್ ಅಡಿ."

ಸ್ವಾಮಿಯವರು ಡಿಕ್ಕಿಯ ಮುಚ್ಚಳವನ್ನು ಮೆಲ್ಲಗೆ ಇಳಿಸಿದರು. "ಅದು ಕಾರಲ್ಲೇ ಅದೆ" ಎಂದರು ಸಣ್ಣ ದನಿಯಲ್ಲಿ.

"ಮರ ಕಾರಲ್ಲಿ ಅದೆ ಅಂತ ಒಪ್ಕೊಂಡ್ರು. ಬರ್ಕೊಳ್ರಪ್ಪ."

"ಕಾರಲ್ಲಿ ಇಟ್ಕೊಂಡು ಸಾಗುಸ್ತಿಲ್ಲ ಕಣ್ರೀ! ಕಾರೇ ಮರ!"

ಕರಿಯಯ್ಯ ಒಂದು ಹೆಜ್ಜೆ ಹಿಂದೆ ಸರಿದು ಕಾರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಲಾರಿಯಲ್ಲಿ, ಹಾಲಿನ ವ್ಯಾನಿನಲ್ಲಿ, ಒಂದು ಸಲ ಹೆಣ ಸಾಗಿಸುವ ಗಾಡಿಯಲ್ಲಿ ಮರ ಸಾಗಿಸಿದವರನ್ನು ಅವರು ಹಿಡಿದಿದ್ದರು. ಮರವನ್ನೇ ಕಾರು ಮಾಡಿಕೊಂಡು ಓಡಿಸುವವನನ್ನು ಕಂಡದ್ದು ಇದೇ ಮೊದಲು. ಅವರ ಕಣ್ಣಿನಲ್ಲಿ ಸ್ವಾಮಿಯವರ ಬಗ್ಗೆ ಒಂದು ಬಗೆಯ ಗೌರವ ಮೂಡಿತು.

ಕಾರು ಜಪ್ತಿಯಾಯಿತು. ಆದರೆ ಅದನ್ನು ರೇಂಜ್ ಆಫೀಸಿಗೆ ಒಯ್ಯುವುದು ಹೇಗೆ? ಎರಡು ಸಲ ಕ್ಲಚ್ ತುಳಿಯುವ ವಿದ್ಯೆ ಆ ಚೆಕ್‌ಪೋಸ್ಟಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಆರೋಪಿಯೇ ಜಪ್ತಿ ಮಾಲನ್ನು ಓಡಿಸಬೇಕಾಯಿತು. ಅರ್ಧ ದಾರಿಯಲ್ಲಿ ಕಾರು ಕುದಿದು ನಿಂತಿತು. ಆರೋಪಿ ತಪ್ಪಿಸಿಕೊಳ್ಳುವ ಸಂಚು ಮಾಡುತ್ತಿದ್ದಾನೆಂದು ಒಬ್ಬ ಗಾರ್ಡು ಅವರ ತೋಳು ಹಿಡಿದುಕೊಂಡ, ಇನ್ನೊಬ್ಬ ಡಿಕ್ಕಿಯ ಖಾಲಿ ಕ್ಯಾನು ಹಿಡಿದುಕೊಂಡು ಬಾವಿಗೆ ಹೋದ. ಕಡೆಗೆ ಕರಿಯಯ್ಯನವರೂ ಟೋಪಿ ತೆಗೆದು ಹಿಂದಿನಿಂದ ತಳ್ಳಿದರು. ಹೀಗೆ ಅರಣ್ಯ ಇಲಾಖೆಯವರ ಬೆವರಿನಿಂದಲೇ ಕಾರು ಅವರ ಆಫೀಸಿನ ಅಂಗಳ ಸೇರಿತು.

ರೇಂಜರ್ ಸಾಹೇಬರು ತೆಳ್ಳಗಿನ, ಬಹಳ ಮೆತ್ತಗೆ ಮಾತಾಡುವ ಮನುಷ್ಯ. ಅಂಥವರ ಮುಂದೆ ನಿಂತರೆ ತಪ್ಪು ಮಾಡದವನ ಕೈಕಾಲೂ ನಡುಗುತ್ತವೆ.

"ನೋಡಿ ಸ್ವಾಮಿ, ಬೀಟೆ ಅಂದ್ರೆ ಪಾಸ್ ತೋರಿಸಿ. ಬೀಟೆ ಅಲ್ಲ ಅಂದ್ರೆ ಯಾವ ಮರ, ಯಾರ ಮರ, ಎಲ್ಲಿಂದ ಬಂತು, ಅದನ್ನ ಹೇಳಿ. ಮರದ ಮಾಲೀಕರು ಬಂದು ಬರೆದುಕೊಟ್ರೆ ಕಾರು ಬಿಡ್ತೀನಿ. ಇಲ್ಲದಿದ್ರೆ ಕಾರು ಇಲ್ಲೇ ಇರುತ್ತೆ. ಮಳೆಗಾಲ ಶುರುವಾಗ್ತಿದೆ."

ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಹಿಂದೆ ಯಾವಾಗಲೋ ಜಪ್ತಿಯಾದ ಒಂದು ಜೀಪಿನೊಳಗಿಂದ ಆಳೆತ್ತರದ ಔಡಲ ಗಿಡ ಚಾವಣಿ ಸೀಳಿಕೊಂಡು ಬೆಳೆದಿತ್ತು. ಅದನ್ನು ನೋಡಿ ಸ್ವಾಮಿಯವರಿಗೆ ಅಳು ಬಂತು.

"ಹಲಸು ಸಾರ್" ಎಂದರು.

"ನಿನ್ನೆ ಬೀಟೆ, ಇವತ್ತು ಹಲಸು. ನಾಳೆ ಏನು, ಹುಣಸೆಯಾ?"

"ದೇವ್ರಾಣೆ ಹಲಸು. ಹಳೇ ಮರ. ಬಡಗಿ ನಂಜಾಚಾರಿನ ಕೇಳಿ."

ನಂಜಾಚಾರಿಯನ್ನು ಕರೆಸಿದರು. ಅವನು ಖಾಕಿ ಕಂಡ ಕೂಡಲೇ ಬಾಗಿಲಲ್ಲೇ ಕೈಮುಗಿದು ಕೂತುಬಿಟ್ಟ.

"ನಾನ್ ಯಾವ್ ಮರಾನೂ ಮುಟ್ಟಿಲ್ಲ ಬುದ್ಧಿ. ಮೂವತ್ತು ವರ್ಸದಿಂದ ಮರಾನೇ ಮುಟ್ಟಿಲ್ಲ."

"ನೀನು ಬಡಗಿ ಅಲ್ವೇನಯ್ಯ?"

"ಬಡಗೀನೇ ಬುದ್ಧಿ. ಆದ್ರೆ ಮುಟ್ಟಿಲ್ಲ."

ಅವನನ್ನು ಕಳಿಸಿದ ಮೇಲೆ ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. "ಈಗ ಉಳಿದದ್ದು ಮರದ ಮಾಲೀಕರು. ಯಾರು ಹೇಳಿ, ಕರೆಸೋಣ."

ಮಾಲೀಕರು ಯಾರು ಎಂದು ಸ್ವಾಮಿಯವರಿಗೆ ಚೆನ್ನಾಗಿ ಗೊತ್ತಿತ್ತು. ಆ ಮಾಲೀಕರು ಈ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಒಂದು ಕಡೆ ಕಾರು, ಇನ್ನೊಂದು ಕಡೆ ಯಶೋದಮ್ಮ. ಸ್ವಾಮಿಯವರು ಒಂದು ನಿಮಿಷ ಕಣ್ಣು ಮುಚ್ಚಿ ಯೋಚಿಸಿದರು. ಜೈಲಿನಲ್ಲಿ ಊಟವಾದರೂ ಹೊತ್ತಿಗೆ ಸರಿಯಾಗಿ ಕೊಡುತ್ತಾರೆ ಅನ್ನಿಸಿತು.

"ಬೀಟೆ ಅಂತಲೇ ಬರ್ಕೊಳ್ಳಿ ಸಾರ್."

ಸಾಹೇಬರ ಪೆನ್ನು ನಿಂತಿತು. "ಏನಂದ್ರಿ?"

"ಬೀಟೆ. ನಾನೇ ಕಡಿದದ್ದು. ಎಲ್ಲಿ ಸೈನ್ ಹಾಕ್ಬೇಕು?"

ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಸಾಹೇಬರ ಮುಂದೆ ಯಾರೂ ಇಷ್ಟು ಸಂತೋಷವಾಗಿ ತಪ್ಪು ಒಪ್ಪಿಕೊಂಡಿರಲಿಲ್ಲ. ಅವರು ಕರಿಯಯ್ಯನವರನ್ನು ಪಕ್ಕಕ್ಕೆ ಕರೆದು, "ಇದು ಸಣ್ಣ ಕೇಸಲ್ಲ ಕಣಯ್ಯ. ಬೀಟೆ ಒಪ್ಕೊಂಡು ಗಂಧ ಬಚ್ಚಿಡ್ತಿದ್ದಾನೆ. ಮನೆ ತಪಾಸಣೆ ಆಗ್ಲಿ. ಹೆಂಡ್ತೀನ ಕರ್ಕೊಂಡ್ ಬಾ" ಎಂದರು.

ಅರ್ಧ ಗಂಟೆಯಲ್ಲಿ ಆಟೋ ಬಂತು. ಯಶೋದಮ್ಮ ಇಳಿದರು, ಹಿಂದೆಯೇ ಮಾಯಮ್ಮ ಇಳಿದಳು. ಮಾಯಮ್ಮನನ್ನು ಯಾರೂ ಕರೆದಿರಲಿಲ್ಲ. ಗಾರ್ಡುಗಳು ಮನೆಗೆ ಬಂದು ಹಿತ್ತಲು, ಅಟ್ಟ, ರಾಗಿಯ ವಾಡೆಯವರೆಗೆ ತಡಕಾಡಿದಾಗ ಅವಳೇ ಮುಂದೆ ನಿಂತು ಜಾಗ ತೋರಿಸಿದ್ದಳು. ನೀಲಕಂಠಸ್ವಾಮಿಯವರು ಗೋಡೆಯ ಕಡೆ ತಿರುಗಿ ನಿಂತು ಅಲ್ಲಿದ್ದ ಪ್ರಾಣಿಗಳ ಪಟವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ನೋಡಮ್ಮ, ನಿಮ್ಮ ಯಜಮಾನರು ಈ ಕಾರಿನಲ್ಲಿ ಮರ ಹಾಕಿಸಿದ್ದಾರೆ. ಯಾವ ಮರ ಅಂತ ಗೊತ್ತಾ?"

"ನಂಗೆ ಕಾರಿನ ಇಸ್ಯ ಗೊತ್ತಿಲ್ಲ ಸಾರ್. ನಂಗೆ ಮಂಚದ ಇಸ್ಯ ಗೊತ್ತಾಗ್ಬೇಕಾಗದೆ."

"ಯಾವ ಮಂಚ?"

ಮರ ಯಾವುದೆಂದು ಕಣ್ಣಾರೆ ನೋಡಲು ಸಾಹೇಬರು ಎಲ್ಲರನ್ನೂ ಅಂಗಳಕ್ಕೆ ಕರೆದುಕೊಂಡು ಹೋದರು. ಕರಿಯಯ್ಯ ಚಾಲಕನ ಕಡೆಯ ಬಾಗಿಲಿನ ಒಳಮೈಯ ರೆಕ್ಸಿನ್ ಕಿತ್ತರು. ಒಳಗೆ ಕಂದುಬಣ್ಣದ ಹಲಗೆ, ಹಲಗೆಯ ಮೇಲೆ ಸಾಲಾಗಿ ತುಕ್ಕು ಹಿಡಿದ ಹನ್ನೊಂದು ಮೊಳೆ.

ಯಶೋದಮ್ಮ ಹತ್ತಿರ ಹೋದರು. ಒಂದು ಮೊಳೆಯ ಮೇಲೆ ಬೆರಳಿಟ್ಟರು. "ಇದು ನಮ್ಮಣ್ಣ" ಎಂದರು. ಮುಂದಿನದರ ಮೇಲೆ ಇಟ್ಟು, "ಇದು ನಾನು." ಕೊನೆಯದರ ಮೇಲೆ ಇಟ್ಟು ಬೆರಳನ್ನು ಅಲ್ಲೇ ಒತ್ತಿಹಿಡಿದರು. "ಇದು ನಮ್ ರಮ್ಯಾ."

ಗಾರ್ಡುಗಳು ನೆಲ ನೋಡಿದರು. ಸ್ವಾಮಿಯವರಿಗೆ ಭೂಮಿ ಬಾಯಿ ಬಿಟ್ಟರೆ ಇಳಿದುಹೋಗಬಹುದಿತ್ತು ಅನ್ನಿಸಿತು. ನಿಜವಾಗಿ ನಾಚಿಕೆಯಾಗಿತ್ತು ಅವರಿಗೆ. ಬಾಗಿಲು ಮುಚ್ಚುವ ಸದ್ದಿಗೆ ಮನಸೋತು ಎಂಥ ಕೆಲಸ ಮಾಡಿದೆ ಎಂದು ಮೊದಲ ಸಲ ಹೊಳೆಯಿತು.

"ಯಶೋದಾ, ನಾನು ಒಂದೇ ಅಲಗೆ ಅನ್ಕೊಂಡಿದ್ದೆ ಕಣೇ..."

ಯಶೋದಮ್ಮ ಅವರ ಕಡೆ ನೋಡಲೇ ಇಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಸಾಹೇಬರನ್ನು ಕೇಳಿದರು. "ಎಲ್ಲಿ ಸೈನ್ ಆಕ್ಬೇಕು ಸಾರ್? ಇದು ನಮ್ಮವ್ವನ್ ಮಂಚ. ನಂಗೆ ಕೊಟ್ಟಿದ್ದು."

ಸಾಹೇಬರು ಕೊಡಲಿಯ ಗುರುತಿನ ಹಳೇ ರಿಜಿಸ್ಟರ್ ತೆಗೆದರು. ಆ ಪುಸ್ತಕದಲ್ಲಿ ಮರಕ್ಕೆ ಕಾಲಂ ಇತ್ತು, ಕಾರಿಗೆ ಇರಲಿಲ್ಲ. ಅವರು ಬಹಳ ಹೊತ್ತು ಯೋಚಿಸಿ ದುಂಡಗಿನ ಅಕ್ಷರಗಳಲ್ಲಿ ಬರೆದರು: "ಹಲಸಿನ ಮಂಚ ಒಂದು, ಕಾರಿನ ರೂಪದಲ್ಲಿ, ನಾಲ್ಕು ಚಕ್ರ ಹಾಗೂ ಎಂಜಿನ್ ಸಹಿತ. ಮಾಲೀಕರಾದ ಶ್ರೀಮತಿ ಯಶೋದಮ್ಮನವರಿಗೆ ವಾಪಸ್ಸು ಕೊಡಲಾಗಿದೆ." ಯಶೋದಮ್ಮ ಸಹಿ ಹಾಕಿದರು. ಸಾಕ್ಷಿಗೆ ಮಾಯಮ್ಮ ಹೆಬ್ಬೆಟ್ಟು ಒತ್ತಿದಳು. ಸಾಹೇಬರು ಕಾರಿನ ಕೀಲಿಯನ್ನು ಯಶೋದಮ್ಮನ ಕೈಗೆ ಇಟ್ಟರು.

"ಸಾರ್, ಕಾರು ನಂದು" ಎಂದರು ಸ್ವಾಮಿಯವರು.

"ಪುಸ್ತಕದಲ್ಲಿ ಹಾಗಿಲ್ಲ" ಎಂದರು ಸಾಹೇಬರು.

ಯಶೋದಮ್ಮ ಮುಂದಿನ ಸೀಟಿನಲ್ಲಿ ಕೂತರು. ಮಾಯಮ್ಮ ಯಾರನ್ನೂ ಕೇಳದೆ ಹಿಂದೆ ಹತ್ತಿದಳು. ಸ್ವಾಮಿಯವರು ಹ್ಯಾಂಡಲ್ ತಿರುಗಿಸಿದರು. ಯಾವಾಗಲೂ ಹತ್ತು ಸಲ ತಿರುಗಿಸಿದರೂ ಕೆಮ್ಮುವ ಕಾರು ಅವತ್ತು ಮೊದಲನೇ ಸುತ್ತಿಗೇ ಸ್ಟಾರ್ಟಾಯಿತು.

"ಮನೆಗಾ?" ಎಂದರು ಮೆಲ್ಲಗೆ.

"ಸರಗೂರಿಗೆ. ನಮ್ಮವ್ವನ್ ಮುಂದೆ ನೀವೇ ನಿಂತ್ಕೊಂಡು ಯೋಳಿ. ಅಲ್ಲೀವರ್ಗೂ ನನ್ನುನ್ನ ಮಾತಾಡಿಸ್ಬ್ಯಾಡಿ."

ಅತ್ತೆ ಬಸವಮ್ಮನವರಿಗೆ ಎಪ್ಪತ್ತೆಂಟು ವರ್ಷ. ಕಣ್ಣು ಸ್ವಲ್ಪ ಮಂಜು, ನಾಲಗೆಗೆ ಏನೂ ಆಗಿರಲಿಲ್ಲ. ಸ್ವಾಮಿಯವರು ಕೋಟೆ ರಸ್ತೆಗೆ ಕಾರು ತಿರುಗಿಸಿ, ಇಷ್ಟು ದಿನ ಯಾವುದಕ್ಕೆ ಹೆದರುತ್ತಿದ್ದರೋ ಅದನ್ನೇ ಬೇಡಿಕೊಳ್ಳತೊಡಗಿದರು. ಕುದಿಯಲಿ. ಟೈರು ಒಡೆಯಲಿ. ಬೆಲ್ಟು ಹರಿಯಲಿ. ಏನಾದರೂ ಆಗಲಿ, ಸರಗೂರು ಇವತ್ತು ಬರದಿರಲಿ.

ಕಾರು ಕುದಿಯಲಿಲ್ಲ. ಹೊಸಕಟ್ಟೆ ಏರಿನಲ್ಲಿ ಗಾರ್ಡು ಗೇಟೆತ್ತಿ ಸೆಲ್ಯೂಟ್ ಹೊಡೆದ. ಗದ್ದಿಗೆ ದಾಟಿತು. ಗೇರುಗಳು ಬೆಣ್ಣೆಯಂತೆ ಬಿದ್ದವು. ಕೋಟೆ ಪೇಟೆಯ ಸರ್ಕಲ್ಲಿನಲ್ಲಿ ಕೆಂಪು ಕೈ ಹೊರಗೆ ಬಂದು, ತಿರುವು ಮುಗಿದ ಕೂಡಲೇ ತಾನಾಗಿ ಒಳಗೆ ಹೋಯಿತು. ಯಾಕೆ ಹಾಗಾಯಿತೆಂದು ಇವತ್ತಿನವರೆಗೆ ಯಾವ ಮೆಕ್ಯಾನಿಕ್ಕೂ ಹೇಳಿಲ್ಲ. ಮುದ್ದಾಂ ಕೆಡಲೆಂದು ಸ್ವಾಮಿಯವರು ಮೂರನೇ ಗೇರಿನಲ್ಲೇ ಏರು ಹತ್ತಿಸಿದರು, ಅದೂ ಹತ್ತಿತು.

ಕಿಟಕಿಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಯಶೋದಮ್ಮ ಬಾಗಿಲ ಹಲಗೆಯ ಮೇಲೆ ಕೈ ಇಟ್ಟುಕೊಂಡು ಹೊಗೆಸೊಪ್ಪಿನ ಹೊಲಗಳನ್ನು ನೋಡುತ್ತಿದ್ದರು. ಅವರ ಮುಖದ ಬಿಗಿ ಮೆಲ್ಲಗೆ ಸಡಿಲವಾಗುತ್ತಿತ್ತು. ಎಷ್ಟಾದರೂ ಮಂಚ ಯಾವಳ ಮನೆಗೂ ಹೋಗಿರಲಿಲ್ಲ, ಗಂಡನ ಕಾರಿನಲ್ಲೇ ಇತ್ತು. ಎರಡು ತಿಂಗಳಿಂದ ಎದೆಯ ಮೇಲಿದ್ದ ಭಾರ ಇಳಿದಿತ್ತು. ಸರಗೂರು ಇನ್ನು ಎರಡು ಮೈಲಿ ಇರುವಾಗ, "ಪರ್ವಾಗಿಲ್ಲ, ಚೆಂದಾಗೋಯ್ತದೆ ಕಾರು" ಎಂದು ತಾವಾಗಿಯೇ ಮಾತಾಡಿದರು.

ಸ್ವಾಮಿಯವರಿಗೆ ಹೋದ ಜೀವ ಬಂದಂತಾಯಿತು. "ಹೌದು ಕಣೇ, ಗಟ್ಟಿ ಗಾಡಿ. ಒಂದಿನಾನೂ ಕೈ ಕೊಡಲ್ಲ."

ಹಿಂದಿನ ಸೀಟಿನಲ್ಲಿ ಮಾಯಮ್ಮ ಎಲೆಯಡಿಕೆ ಮೆಲ್ಲುವುದನ್ನು ನಿಲ್ಲಿಸಿದಳು.

"ಅಲ್ಲಾ ಯಶೋದಮ್ಮ, ನಾನೊಂದ್ ಮಾತು ಕೇಳ್ತೀನಿ, ತಪ್ಪು ತಿಳ್ಕಬ್ಯಾಡ. ಈ ಕಾರು ಇಷ್ಟ್ ಚೆಂದಾಗಿ ಓಡ್ತದಲ್ಲಾ, ಮತ್ತೆ ವರ್ಸದಿಂದ ಸ್ವಾಮ್ಯೋರು ವಾರಕ್ಕೆ ಮೂರ್ ದಿನ, ಕಾರು ಕೆಟ್ಟು ದಾರೀಲಿ ನಿಂತೋಯ್ತು, ಅದ್ಕೇ ತಡ ಆಯ್ತು ಅಂತಿದ್ರಲ್ಲಾ, ಆಗ ಎಲ್ಲಿದ್ರು?"

ಯಶೋದಮ್ಮ ಹಲಗೆಯ ಮೇಲಿಂದ ಕೈ ತೆಗೆದು, ನಿಧಾನವಾಗಿ ಗಂಡನ ಕಡೆ ತಿರುಗಿದರು.